ಓದುಗರ ಪ್ರಶ್ನೆ: ಬೀದಿಯಲ್ಲಿ ನಿಲ್ಲುತ್ತಿದ್ದವರೆಲ್ಲ ಎಲ್ಲಿ ಹೋದರು?

ಹೋದ ಸಂಚಿಕೆಯಲ್ಲಿ ಒಂದು ಸಣ್ಣ ಮಾತು ಕೇಳಿದ್ದೆ. ನಿಮ್ಮ ಬೀದಿಯಲ್ಲಿ, ಪಾರ್ಕಿನಲ್ಲಿ, ಬಸ್ ಸ್ಟಾಪಿನ ಸುತ್ತಮುತ್ತ ಜನ ಮೊದಲು ಏನು ಮಾಡುತ್ತಿದ್ದರು, ಈಗ ಏನು ಮಾಡುತ್ತಾರೆ, ಬರೆದು ಕಳಿಸಿ ಎಂದು. ಪತ್ರಗಳು ರಾಶಿ ಬಿದ್ದವು. ಎಲ್ಲಕ್ಕೂ ಇಲ್ಲಿ ಜಾಗ ಸಾಲದು, ಏಳು ಪ್ರಶ್ನೆ ಆರಿಸಿಕೊಂಡಿದ್ದೇನೆ. ಹೆಸರು ಬೇಡ ಎಂದು ಹಲವರು ಕೇಳಿದ್ದರಿಂದ ಯಾರ ಹೆಸರನ್ನೂ ಹಾಕಿಲ್ಲ.

ಪ್ರಶ್ನೆ: ಸರ್, ನನಗೆ 66 ವರ್ಷ. ಒಂದೇ ಬೀದಿಯಲ್ಲಿ 40 ವರ್ಷದಿಂದ ಇದ್ದೇನೆ. ಮೊದಲು ಸಂಜೆಯಾದರೆ ಮನೆ ಮುಂದೆ ಕುರ್ಚಿ ಹಾಕಿಕೊಂಡು ಕೂರುತ್ತಿದ್ದೆವು. ಹೋಗಿ ಬರುವವರು ನಿಂತು ಎರಡು ಮಾತಾಡಿ ಮುಂದೆ ಹೋಗುತ್ತಿದ್ದರು. ಈಗಲೂ ಬೀದಿಯಲ್ಲಿ ಜನ ಇದ್ದಾರೆ, ಮೊದಲಿಗಿಂತ ಜಾಸ್ತಿಯೇ ಇದ್ದಾರೆ. ಆದರೆ ಯಾರೂ ನಿಲ್ಲುವುದಿಲ್ಲ. ಮೊಬೈಲ್ ಬಂದೇ ಎಲ್ಲ ಹಾಳಾಯಿತು ಅನ್ನುತ್ತೇನೆ ನಾನು. ನನ್ನ ಮಗ ಒಪ್ಪುವುದಿಲ್ಲ. ನೀವೇನಂತೀರಿ?

ಉತ್ತರ: ನಿಮ್ಮ ಪತ್ರದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ ಮಾತು ಒಂದಿದೆ. ಜನ ಇದ್ದಾರೆ, ಆದರೆ ನಿಲ್ಲುವುದಿಲ್ಲ. ಬಹಳ ಜನ ‘ಬೀದಿ ಖಾಲಿಯಾಯಿತು’ ಅಂತ ಬರೆದಿದ್ದಾರೆ. ನೀವು ಹಾಗೆ ಬರೆಯಲಿಲ್ಲ. ನೀವು ಸರಿಯಾಗಿ ನೋಡಿದ್ದೀರಿ.

ಇದನ್ನು ಅಳೆದು ನೋಡಿದವರೂ ಇದ್ದಾರೆ. 1970ರ ದಶಕದಲ್ಲಿ ವಿಲಿಯಂ ವೈಟ್ ಎನ್ನುವವರು ಮತ್ತು ಅವರ ಜೊತೆಯವರು ನ್ಯೂಯಾರ್ಕ್ ಮತ್ತು ಬೇರೆ ಊರುಗಳ ಚೌಕಗಳು, ಫುಟ್‌ಪಾತ್‌ಗಳು, ಮೆಟ್ಟಿಲುಗಳ ಹತ್ತಿರ ಕ್ಯಾಮೆರಾ ಇಟ್ಟು ಜನ ಏನು ಮಾಡುತ್ತಾರೆ ಎಂದು ಗಂಟೆಗಟ್ಟಲೆ ಚಿತ್ರೀಕರಿಸಿದರು. ಸುಮಾರು 30 ವರ್ಷದ ನಂತರ, 2008ರಿಂದ 2010ರ ನಡುವೆ, ಕೀತ್ ಹ್ಯಾಂಪ್ಟನ್ ಎನ್ನುವ ಸಂಶೋಧಕರ ತಂಡ ನ್ಯೂಯಾರ್ಕ್, ಬಾಸ್ಟನ್, ಫಿಲಡೆಲ್ಫಿಯಾದ ಅವೇ ಹಳೇ ಜಾಗಗಳನ್ನು ಮತ್ತೆ ಚಿತ್ರೀಕರಿಸಿತು. ಈ ಎರಡೂ ಕಾಲದ ಚಿತ್ರಗಳನ್ನು ಕಂಪ್ಯೂಟರಿನಿಂದ ಎಣಿಸಿ ಹೋಲಿಸಿದ ಅಧ್ಯಯನ 2025ರಲ್ಲಿ ಪ್ರಕಟವಾಯಿತು. ಜನರ ನಡಿಗೆಯ ವೇಗ ಶೇ. 15ರಷ್ಟು ಹೆಚ್ಚಿದೆ. ಸುಮ್ನೆ ನಿಂತು, ಕೂತು ಕಳೆಯುವ ಹೊತ್ತು ಶೇ. 14ರಷ್ಟು ಇಳಿದಿದೆ. ಒಂಟಿಯಾಗಿ ನಡೆಯುವವರ ಪಾಲು ಮಾತ್ರ ಹೆಚ್ಚುಕಡಿಮೆ ಅಷ್ಟೇ ಇದೆ, ಆಗ ಶೇ. 67, ಆಮೇಲೆ ಶೇ. 68. ಆದರೆ ನಡೆದು ಹೋಗುತ್ತಿದ್ದವರು ಇನ್ನೊಂದು ಗುಂಪಿನ ಹತ್ತಿರ ಬಂದು ಸೇರಿಕೊಳ್ಳುವುದು ಇದೆಯಲ್ಲ, ಅದು ಶೇ. 5.5ರಿಂದ ಶೇ. 2ಕ್ಕೆ ಬಂದಿದೆ. ಅಂದರೆ ನಿಮ್ಮ ಕುರ್ಚಿಯ ಹತ್ತಿರ ಬಂದು ನಿಲ್ಲುತ್ತಿದ್ದ ಆ ಮನುಷ್ಯನೇ ಕಡಿಮೆಯಾಗಿದ್ದು. ನಿಮ್ಮ ಕಣ್ಣಿಗೆ ಕಂಡದ್ದೇ ಅಲ್ಲೂ ಕಂಡಿದೆ.

ಈಗ ಮಗನ ಮಾತಿಗೆ ಬರೋಣ. ಹ್ಯಾಂಪ್ಟನ್ ಅವರ ಚಿತ್ರಗಳಲ್ಲಿ ಒಂದು ಮ್ಯೂಸಿಯಂ ಮೆಟ್ಟಿಲ ಮೇಲೆ ಇದ್ದವರಲ್ಲಿ ಫೋನ್ ಹಿಡಿದವರು ಶೇ. 3 ಮಾತ್ರ. ಅತಿ ಹೆಚ್ಚು ಕಂಡ ಜಾಗದಲ್ಲೂ ಶೇ. 10. ಅದು 2010ರ ಮಾತು, ಇವತ್ತು ಹಾಗಿಲ್ಲ, ನಿಜ. ಆದರೆ ಸ್ಮಾರ್ಟ್‌ಫೋನ್ ಎಲ್ಲರ ಕೈಗೆ ಬರುವ ಮೊದಲೇ ನಡಿಗೆ ಜೋರಾಗಿತ್ತು, ನಿಲ್ಲುವುದು ಕಡಿಮೆಯಾಗಿತ್ತು. ಹಾಗಾಗಿ ಮೊಬೈಲನ್ನು ಮಾತ್ರ ಕಟಕಟೆಗೆ ಹತ್ತಿಸಿದರೆ ಬೇರೆ ಕಾರಣಗಳು ತಪ್ಪಿಸಿಕೊಂಡು ಹೋಗುತ್ತವೆ. ಈ ವಿಷಯದಲ್ಲಿ ನಾನು ನಿಮ್ಮ ಮಗನ ಕಡೆ.

ಆ ಬೇರೆ ಕಾರಣ ಏನು? ಡೆನ್ಮಾರ್ಕಿನ ವಾಸ್ತುಶಿಲ್ಪಿ ಯಾನ್ ಗೇಲ್ 1971ರಲ್ಲೇ ಇದನ್ನು ಬಿಡಿಸಿ ಹೇಳಿದ್ದರು. ಮನೆ ಹೊರಗೆ ನಾವು ಮಾಡುವುದರಲ್ಲಿ ಕೆಲವು ಮಾಡಲೇಬೇಕಾದ ಕೆಲಸ: ನೀರು ತರುವುದು, ಸಾಮಾನು ತರುವುದು, ಬಸ್ಸಿಗೆ ಕಾಯುವುದು. ಕೆಲವು ಮನಸ್ಸಿದ್ದರೆ ಮಾಡುವ ಕೆಲಸ: ಅಡ್ಡಾಡುವುದು, ಬಿಸಿಲು ಕಾಯುವುದು. ಮಾತುಕತೆ ಇವೆರಡರ ಬೆನ್ನಿಗೆ ಹುಟ್ಟುತ್ತದೆ. ಬೇರೆಯವರು ಹತ್ತಿರ ಇದ್ದರೆ ಮಾತ್ರ. ಯೋಚಿಸಿ ನೋಡಿ, ಮಾತಾಡಬೇಕು ಅಂತಲೇ ಯಾರೂ ಬೀದಿಗೆ ಬರುತ್ತಿರಲಿಲ್ಲ. ಕೊಡ ಹಿಡಿದು ನಲ್ಲಿ ಹತ್ತಿರ ಬರುತ್ತಿದ್ದರು, ಫೋನ್ ಬೂತಿನ ಮುಂದೆ ಸರದಿಯಲ್ಲಿ ನಿಲ್ಲುತ್ತಿದ್ದರು, ಯಾರದ್ದೋ ಮನೆಗೆ ಬಂದ ಪೇಪರ್ ಓದಲು ಬರುತ್ತಿದ್ದರು. ಮಾತು ಕೊಸರಿಗೆ ಸಿಗುತ್ತಿತ್ತು. ಈಗ ನೀರು ಮನೆಯೊಳಗೆ ಬಂತು, ಫೋನ್ ಜೇಬಿಗೆ ಬಂತು, ಸಾಮಾನು ಬಾಗಿಲಿಗೇ ಬರುತ್ತದೆ. ಒಳ್ಳೆಯದೇ ಆಯಿತು, ಅದರಲ್ಲಿ ಎರಡು ಮಾತಿಲ್ಲ. ಆದರೆ ಮಾಲು ಬರುವ ದಾರಿ ಬದಲಾದಾಗ ಕೊಸರೂ ನಿಂತಿತು.

ಇನ್ನೊಂದು ಕಾರಣ ನಿಮ್ಮ ಬೀದಿಯಲ್ಲೇ ಓಡಾಡುತ್ತಿದೆ. ಡೊನಾಲ್ಡ್ ಆಪಲ್‌ಯಾರ್ಡ್ ಎನ್ನುವವರು 1960ರ ದಶಕದ ಕೊನೆಗೆ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ನೋಡಲು ಒಂದೇ ತರಹ ಇದ್ದ ಮೂರು ಬೀದಿ ಆರಿಸಿಕೊಂಡರು. ಒಂದರಲ್ಲಿ ದಿನಕ್ಕೆ ಸುಮಾರು 2,000 ವಾಹನ ಓಡಾಡುತ್ತಿದ್ದವು, ಇನ್ನೊಂದರಲ್ಲಿ 8,000, ಮತ್ತೊಂದರಲ್ಲಿ ಸುಮಾರು 16,000. ಕಡಿಮೆ ವಾಹನದ ಬೀದಿಯವರಿಗೆ ಅದೇ ಬೀದಿಯಲ್ಲಿ ಸರಾಸರಿ 3 ಗೆಳೆಯರು, 6.3 ಪರಿಚಯದವರು. ಹೆಚ್ಚು ವಾಹನದ ಬೀದಿಯಲ್ಲಿ 0.9 ಗೆಳೆಯರು, 3.1 ಪರಿಚಯದವರು. ‘ನಿಮ್ಮದು ಅನ್ನಿಸುವ ಜಾಗ ಎಲ್ಲಿಯವರೆಗೆ, ಗೆರೆ ಎಳೆದು ತೋರಿಸಿ’ ಎಂದು ಕೇಳಿದಾಗ ಮೊದಲ ಬೀದಿಯವರು ಇಡೀ ಬೀದಿಯನ್ನು ಸುತ್ತಿದರು. ಕೊನೆಯ ಬೀದಿಯವರ ಗೆರೆ ತಮ್ಮ ಕಟ್ಟಡ ದಾಟಲಿಲ್ಲ. ಈ ಗೆರೆಯ ವಿಷಯ ಓದಿದ ದಿನ ನಾನು ಕೂಡ ನನ್ನ ಬೀದಿಯ ನಕ್ಷೆ ಬರೆದು ಗೆರೆ ಎಳೆದೆ. ಗೇಟಿನ ಹತ್ತಿರ ಪೆನ್ಸಿಲ್ ನಿಂತಿತು. ಅದು ನನಗೆ ಇವತ್ತಿಗೂ ಬೇಜಾರು.

ನಿಮ್ಮ ಕುರ್ಚಿಗೆ ಏನಾಯಿತು ಅಂತ ನೀವು ಬರೆದಿಲ್ಲ. ಅದು ಇದ್ದ ಜಾಗದಲ್ಲಿ ಈಗ ಗಾಡಿ ನಿಂತಿರಬಹುದು. ಹಾಗಿಲ್ಲದಿದ್ದರೆ ಮತ್ತೆ ಹಾಕಿ. ಒಂದಲ್ಲ, ಎರಡು ಹಾಕಿ. ಒಂದೇ ಕುರ್ಚಿ ಇದ್ದರೆ ಅದು ನಿಮ್ಮದು. ಎರಡನೆಯದು ಖಾಲಿ ಇದ್ದರೆ, ಬರುವವರಿಗೆ ಕರೆಯದೇ ಕರೆದ ಹಾಗೆ.

ಪ್ರಶ್ನೆ: ಎಲ್ಲರೂ ‘ಆ ಕಾಲ ಚೆನ್ನಾಗಿತ್ತು’ ಅಂತ ಬರೆಯುತ್ತಾರೆ. ನಾನು ಹುಡುಗಿಯಾಗಿದ್ದಾಗ ನಮ್ಮ ಪಾರ್ಕಿನಲ್ಲಿ ಸಂಜೆ ಆರರ ಮೇಲೆ ಒಬ್ಬಳು ಹೆಂಗಸೂ ಇರುತ್ತಿರಲಿಲ್ಲ. ಕೂರುವುದಿರಲಿ, ಅಡ್ಡ ಹಾಯ್ದು ಹೋಗಲೂ ಭಯ. ಈಗ ನಾನು, ನನ್ನ ಮಗಳು ಇಬ್ಬರೂ ರಾತ್ರಿ ಎಂಟರವರೆಗೆ ಅಲ್ಲೇ ನಡೆಯುತ್ತೇವೆ. ನಮ್ಮ ಲೆಕ್ಕ ಯಾರು ಇಡುತ್ತಾರೆ?

ಉತ್ತರ: ಮೇಡಂ, ಈ ಪತ್ರ ಬರದೇ ಹೋಗಿದ್ದರೆ ಈ ಪುಟ ಅರ್ಧವೇ ಆಗುತ್ತಿತ್ತು. ಮೇಲಿನ ಉತ್ತರ ಬರೆದು ಮುಗಿಸಿದ ಮೇಲೆ ನಿಮ್ಮ ಪತ್ರ ಓದಿದೆ. ಒಂದು ಜಾಗದ ಹಳೇ ದಿನಗಳನ್ನು ನೆನೆಸಿಕೊಳ್ಳುವಾಗ ಅಲ್ಲಿ ಯಾರಿದ್ದರು ಅನ್ನುವುದಷ್ಟೇ ನೆನಪಾಗುತ್ತದೆ. ಯಾರು ಬರಲು ಆಗದೆ ಮನೆಯೊಳಗೆ ಇದ್ದರು ಅನ್ನುವುದು ಯಾರ ನೆನಪಿನಲ್ಲೂ ಇರುವುದಿಲ್ಲ. ಅವರನ್ನು ಬಿಟ್ಟು.

ನಿಮ್ಮ ಲೆಕ್ಕ ಇಟ್ಟವರಿದ್ದಾರೆ. ಆಗಲೇ ಹೇಳಿದ ವೈಟ್ ಅವರು ಒಂದು ಜಾಗ ಚೆನ್ನಾಗಿದೆಯೋ ಇಲ್ಲವೋ ಎಂದು ತಿಳಿಯಲು ಅಲ್ಲಿ ಹೆಂಗಸರ ಪಾಲು ಎಷ್ಟು ಅಂತ ನೋಡುತ್ತಿದ್ದರು. ಎಲ್ಲಿ ಕೂರಬೇಕು, ಎಲ್ಲಿ ಕೂರಬಾರದು ಅನ್ನುವುದನ್ನು ಹೆಂಗಸರು ಹೆಚ್ಚು ಎಚ್ಚರದಿಂದ ಆರಿಸುತ್ತಾರೆ, ಹಾಗಾಗಿ ಅವರ ಸಂಖ್ಯೆ ಇಳಿದರೆ ಅಲ್ಲಿ ಏನೋ ಸರಿ ಇಲ್ಲ ಎಂದೇ ಅರ್ಥ. ಹ್ಯಾಂಪ್ಟನ್ ಅವರ ತಂಡ ಎರಡು ಕಾಲದ ಚಿತ್ರ ಹೋಲಿಸಿದಾಗ ಎದ್ದು ಕಂಡ ಬದಲಾವಣೆಗಳಲ್ಲಿ ಒಂದು ಇದೇ. ಹೆಚ್ಚಿನ ಕಡೆ ಹೆಂಗಸರ ಪಾಲು ಮೊದಲಿಗಿಂತ ಜಾಸ್ತಿಯಾಗಿತ್ತು. ನಿಲ್ಲುವುದು ಕಡಿಮೆಯಾದ ಅದೇ ಜಾಗಗಳಲ್ಲಿ ಇದು ಕೂಡ ಆಗಿದೆ. ಎರಡೂ ನಿಜ. ಒಂದನ್ನು ಹೇಳಿ ಇನ್ನೊಂದನ್ನು ಬಿಟ್ಟರೆ ಅದು ಮೋಸ.

ಒಂದು ಪಾರ್ಕಿನ ಕಥೆ ಹೇಳುತ್ತೇನೆ, ನಿಮ್ಮದಕ್ಕೆ ಹತ್ತಿರ ಇದೆ. ನ್ಯೂಯಾರ್ಕಿನ ದೊಡ್ಡ ಸಾರ್ವಜನಿಕ ಗ್ರಂಥಾಲಯದ ಬೆನ್ನಿಗೆ ಬ್ರಯಂಟ್ ಪಾರ್ಕ್ ಇದೆ. 1970ರ ದಶಕದಲ್ಲಿ ಅದು ಮಾದಕ ವಸ್ತು ಮಾರುವವರ ಅಡ್ಡೆಯಾಗಿತ್ತು. ರಸ್ತೆಗಿಂತ ಎತ್ತರದಲ್ಲಿದ್ದ ಜಾಗ, ಸುತ್ತ ದಟ್ಟ ಗಿಡಗಳ ಬೇಲಿ, ಒಳಗೆ ಹೋಗಲು ದಾರಿಗಳು ಕಡಿಮೆ. ಒಳಗೆ ಏನು ನಡೆಯುತ್ತಿದೆ ಅಂತ ಹೊರಗಿನವರಿಗೆ ಕಾಣುತ್ತಿರಲಿಲ್ಲ. ವೈಟ್ ಅವರ ಸಲಹೆಯ ಮೇಲೆ ಬೇಲಿ ತೆಗೆದರು, ದಾರಿಗಳನ್ನು ಅಗಲ ಮಾಡಿದರು, ಹೊಸ ದಾರಿ ಬಿಟ್ಟರು, ಬೇಕಾದ ಕಡೆ ಎಳೆದುಕೊಂಡು ಹೋಗಬಹುದಾದ ಕುರ್ಚಿಗಳನ್ನು ಹಾಕಿದರು. 1988ರಲ್ಲಿ ಮುಚ್ಚಿದ ಪಾರ್ಕು 1992ರಲ್ಲಿ ಮತ್ತೆ ತೆರೆದಾಗ ಬೇರೆಯೇ ಜನ ಬಂದರು. ಕಣ್ಣಿಗೆ ಅಡ್ಡ ಇದ್ದದ್ದನ್ನು ತೆಗೆದದ್ದು ದೊಡ್ಡ ಕೆಲಸ ಮಾಡಿತು.

ನಿಮ್ಮ ಪಾರ್ಕಿನಲ್ಲಿ ಏನು ಬದಲಾಯಿತು? ದೀಪ ಬಂತಾ, ಗೇಟು ಜಾಸ್ತಿ ಆಯಿತಾ, ಅಥವಾ ಮೊದಲು ನಾಲ್ಕು ಜನ ಹೆಂಗಸರು ಧೈರ್ಯ ಮಾಡಿ ಬಂದು, ಅವರನ್ನು ನೋಡಿ ಮತ್ತೆ ನಾಲ್ಕು ಜನ ಬಂದು, ಹೀಗೇ ಆಯಿತಾ? ದಯವಿಟ್ಟು ಬರೆಯಿರಿ. ಆ ಮೊದಲ ನಾಲ್ವರ ವಿಷಯ ನನಗೆ ನಿಜವಾಗಿ ಬೇಕು.

ಪ್ರಶ್ನೆ: ನಮ್ಮ ಬಡಾವಣೆಯ ಪಾರ್ಕಿಗೆ ಹೊಸ ಬೆಂಚು ಹಾಕಿಸಿದ್ದಾರೆ. ಚೆನ್ನಾಗಿಯೇ ಇವೆ. ಆದರೆ ಜನ ಅದರ ಮೇಲೆ ಕೂರದೆ, ಗೇಟಿನ ಹತ್ತಿರ ಇರುವ ಗಿಡದ ಕಟ್ಟೆ ಮೇಲೆ ಕೂರುತ್ತಾರೆ. ಯಾಕೆ ಹೀಗೆ?

ಉತ್ತರ: ಬೆಂಚು ಯಾವ ಕಡೆ ಮುಖ ಮಾಡಿದೆ, ಅದನ್ನು ಮೊದಲು ನೋಡಿ. ಜನ ಕೂರುವುದು ಬೆಂಚಿಗಾಗಿ ಅಲ್ಲ, ನೋಡುವುದಕ್ಕಾಗಿ. ಗೇಟಿನ ಹತ್ತಿರದ ಕಟ್ಟೆಯಿಂದ ಬರುವವರು, ಹೋಗುವವರು, ಗಾಡಿ ನಿಲ್ಲಿಸಲು ಒದ್ದಾಡುವವರು, ಮಗುವನ್ನು ಸಮಾಧಾನ ಮಾಡುವವರು ಎಲ್ಲ ಕಾಣುತ್ತಾರೆ. ಹೊಸ ಬೆಂಚು ಬಹುಶಃ ಗೋಡೆಯನ್ನೋ ಹುಲ್ಲನ್ನೋ ನೋಡುತ್ತಿರುತ್ತದೆ.

ನನಗೆ ಗೊತ್ತಿರುವ ಒಂದು ಕಟ್ಟೆ ಇದೆ. ಮೊಣಕಾಲೆತ್ತರ, ಒರಟು ಸಿಮೆಂಟು. ಅದರ ಒಂದು ಮೂಲೆ ಮಾತ್ರ ನುಣುಪಾಗಿ, ಬೆಳಕಿಗೆ ಹೊಳೆಯುತ್ತದೆ. ಎಷ್ಟೋ ವರ್ಷ ಜನ ಕೂತು ಎದ್ದು ಸವೆದ ಮೂಲೆ ಅದು. ಮಧ್ಯಾಹ್ನ ಮೂರರ ಮೇಲೆ ನೆರಳು ಬೀಳುವುದು ಅಲ್ಲಿಗೇ. ಬೆನ್ನಿಗೆ ಮರದ ಬುಡ ಸಿಗುತ್ತದೆ. ಎದುರಿಗೆ ದಾರಿ ಕಾಣುತ್ತದೆ. ಆ ಮೂಲೆಯನ್ನು ಯಾವ ಎಂಜಿನಿಯರೂ ಆರಿಸಿದ್ದಲ್ಲ. ಆಮೇಲೆ ಯಾರೋ ಅಲ್ಲಿ ಹುಡುಗರು ಕೂರುತ್ತಾರೆ ಅಂತ ಕಟ್ಟೆಯ ಉದ್ದಕ್ಕೂ ಕಬ್ಬಿಣದ ಮೊಳೆ ಕೂರಿಸಿದರು. ಹುಡುಗರು ಮಾತ್ರ ಅಲ್ಲ, ಚೀಲ ಇಟ್ಟು ಒಂದು ನಿಮಿಷ ಸುಧಾರಿಸಿಕೊಳ್ಳುತ್ತಿದ್ದ ವಯಸ್ಸಾದವರೂ ಅಲ್ಲಿಂದ ಹೋದರು. ನುಣುಪು ಮೂಲೆ ಮೊಳೆಗಳ ನಡುವೆ ಇನ್ನೂ ಹಾಗೇ ಕಾಣುತ್ತದೆ.

ಬೆಂಚಿನ ನಡುವೆ ಕೈ ಇಡುವ ಕಬ್ಬಿಣದ ಪಟ್ಟಿ ಇದೆಯಾ ಎಂದೂ ನೋಡಿ. ಅದು ಯಾರೂ ಮಲಗಬಾರದು ಅಂತ ಹಾಕುವುದು. ಆದರೆ ಅದರಿಂದ ಇಬ್ಬರು ಪಕ್ಕಪಕ್ಕ ತಿರುಗಿ ಕೂತು ಮಾತಾಡುವುದಕ್ಕೂ ಆಗುವುದಿಲ್ಲ, ಮಗುವನ್ನು ಪಕ್ಕಕ್ಕೆ ಒರಗಿಸಿಕೊಳ್ಳುವುದಕ್ಕೂ ಆಗುವುದಿಲ್ಲ. ಬೆಂಚು ಹಾಕಿಸಿದವರನ್ನು ಭೇಟಿ ಮಾಡಿ, ಹೊಸದು ಬೇಡ, ಇದ್ದದ್ದನ್ನೇ ದಾರಿಯ ಕಡೆಗೆ ತಿರುಗಿಸಿ ಕೊಡಿ ಅಂತ ಕೇಳಿ. ಹೊಸ ಬೆಂಚಿಗಿಂತ ಕಡಿಮೆ ಖರ್ಚಿನ ಕೆಲಸ.

ಪ್ರಶ್ನೆ: ನನ್ನ ಮಗನಿಗೆ ಎಂಟು ವರ್ಷ. ನಾನು ಅವನ ವಯಸ್ಸಿನಲ್ಲಿ ಇಡೀ ದಿನ ಬೀದಿಯಲ್ಲೇ ಇದ್ದೆ. ಅವನನ್ನು ಮೂಲೆಯ ಅಂಗಡಿಗೆ ಕಳಿಸಲೂ ನನಗೆ ಧೈರ್ಯ ಇಲ್ಲ. ನಾನು ಜಾಸ್ತಿ ಹೆದರುತ್ತಿದ್ದೇನಾ?

ಉತ್ತರ: ಇಲ್ಲ ಅಮ್ಮಾ. ನಿಮ್ಮ ಭಯಕ್ಕೆ ಕಾರಣ ಇದೆ, ನೀವು ಒಬ್ಬರೇ ಹೀಗೆ ಅಲ್ಲ. ಇಂಗ್ಲೆಂಡಿನಲ್ಲಿ 1971ರಲ್ಲಿ ಏಳು, ಎಂಟು ವರ್ಷದ ಮಕ್ಕಳಲ್ಲಿ ಶೇ. 80ರಷ್ಟು ದೊಡ್ಡವರ ಜೊತೆ ಇಲ್ಲದೆ ಶಾಲೆಗೆ ಹೋಗುತ್ತಿದ್ದರು. 1990ರಲ್ಲಿ ಮೇಯರ್ ಹಿಲ್‌ಮನ್ ಮತ್ತು ಜೊತೆಯವರು ಅದೇ ಪ್ರಶ್ನೆ ಮತ್ತೆ ಕೇಳಿದಾಗ ಅದು ಶೇ. 9ಕ್ಕೆ ಬಂದಿತ್ತು. ಬರೀ 19 ವರ್ಷದಲ್ಲಿ! ತಂದೆತಾಯಿ ಹೇಳಿದ ಕಾರಣಗಳಲ್ಲಿ ವಾಹನಗಳ ಭಯವೇ ದೊಡ್ಡದು. ಆ ವರ್ಷಗಳಲ್ಲಿ ರಸ್ತೆಯಲ್ಲಿ ಸಾಯುವ ಮಕ್ಕಳ ಸಂಖ್ಯೆ ಇಳಿದಿತ್ತು. ಹಾಗಾದರೆ ರಸ್ತೆ ಸುರಕ್ಷಿತ ಆಯಿತು ಅಂತ ಅರ್ಥವಾ? ಅಲ್ಲ ಎಂದರು ಹಿಲ್‌ಮನ್. ರಸ್ತೆ ಮೊದಲಿಗಿಂತ ಅಪಾಯದ್ದಾಯಿತು, ಅದಕ್ಕೇ ಮಕ್ಕಳನ್ನು ಅಲ್ಲಿಂದ ಒಳಗೆ ಎಳೆದುಕೊಂಡೆವು, ಸಾವು ಇಳಿದದ್ದು ಅದರಿಂದ ಎಂದರು. ನನಗೆ ಈ ಮಾತು ತುಂಬ ತಟ್ಟಿತು. ಬೀದಿಯನ್ನು ಸರಿ ಮಾಡುವ ಬದಲು ಮಕ್ಕಳನ್ನು ತೆಗೆದೆವು.

ಹಾಗಂತ ನಾಳೆಯೇ ಅವನನ್ನು ಒಬ್ಬನೇ ಕಳಿಸಿ ಎಂದು ನಾನು ಹೇಳುವುದಿಲ್ಲ. ನಿಮ್ಮ ರಸ್ತೆ ನಿಮಗೆ ಗೊತ್ತು. ಆದರೆ ಒಂದು ಗಂಟೆ ಮಟ್ಟಿಗೆ ಬೀದಿಯನ್ನು ಮಕ್ಕಳಿಗೆ ಬಿಟ್ಟುಕೊಡುವುದು ಆಗದ ಕೆಲಸವಲ್ಲ. 2009ರಲ್ಲಿ ಬ್ರಿಸ್ಟಲ್ ಊರಿನಲ್ಲಿ ಒಂದೇ ಬೀದಿಯ ಇಬ್ಬರು ತಾಯಂದಿರು ಹೀಗೇ ಶುರು ಮಾಡಿದರು. ಶಾಲೆ ಬಿಟ್ಟ ಮೇಲೆ ಸ್ವಲ್ಪ ಹೊತ್ತು ವಾಹನ ಹಾಯದಂತೆ ಎರಡೂ ತುದಿಗೆ ದೊಡ್ಡವರು ನಿಲ್ಲುವುದು, ನಡುವೆ ಮಕ್ಕಳು ಆಡುವುದು. ಆಮೇಲೆ ಅಲ್ಲಿನ ನಗರಾಡಳಿತವೇ ಅದಕ್ಕೆ ಅನುಮತಿ ಕೊಡುವ ವ್ಯವಸ್ಥೆ ಮಾಡಿತು, ಬ್ರಿಟನ್ನಿನ ಬೇರೆ ಊರುಗಳಿಗೂ ಹಬ್ಬಿತು. ಇನ್ನೂ ದೊಡ್ಡದಾಗಿ ನೋಡಬೇಕೆಂದರೆ ಕೊಲಂಬಿಯಾದ ಬೊಗೋಟಾ ಇದೆ. 1974ರಿಂದ ಅಲ್ಲಿ ಭಾನುವಾರ ಕೆಲವು ಗಂಟೆ ದೊಡ್ಡ ರಸ್ತೆಗಳನ್ನೇ ವಾಹನಗಳಿಗೆ ಮುಚ್ಚಿ ನಡೆಯುವವರಿಗೆ, ಸೈಕಲ್ಲಿನವರಿಗೆ ಬಿಡುತ್ತಾರೆ. ಈಗ 100 ಕಿಲೋಮೀಟರಿಗೂ ಹೆಚ್ಚು ರಸ್ತೆ ಹೀಗೆ ತೆರೆಯುತ್ತದೆ.

ನೀವು ಇಷ್ಟು ದೊಡ್ಡದಾಗಿ ಯೋಚಿಸಬೇಕಿಲ್ಲ. ಅನುಮತಿ ಬೇಕಾದರೆ ಕೇಳಿ, ಎರಡು ಮನೆಯವರನ್ನು ಜೊತೆಗೆ ಸೇರಿಸಿಕೊಳ್ಳಿ, ಒಂದು ಸೀಮೆಸುಣ್ಣದ ಡಬ್ಬಿ ತನ್ನಿ. ಮಕ್ಕಳಿಗೆ ಏನು ಮಾಡಬೇಕು ಅಂತ ಹೇಳಿಕೊಡಬೇಡಿ, ಅವರಿಗೆ ಗೊತ್ತು. ಹೊರಗೆ ಮಕ್ಕಳಿದ್ದರೆ ದೊಡ್ಡವರೂ ಗೇಟಿಗೆ ಬಂದು ನಿಲ್ಲುತ್ತಾರೆ. ಮೊದಲ ಪತ್ರ ಬರೆದ ಹಿರಿಯರು ಕೇಳಿದ್ದೂ ಅದನ್ನೇ ಅಲ್ವಾ?

ಪ್ರಶ್ನೆ: ನಾವು ಐದು ಜನ ಫ್ರೆಂಡ್ಸ್. ಸಂಜೆ ಪಾರ್ಕಿನಲ್ಲಿ ಕೂತು ಮಾತಾಡುತ್ತೇವೆ, ಹಾಡು ಕೇಳುತ್ತೇವೆ. ವಾಕಿಂಗಿಗೆ ಬರುವ ಅಂಕಲ್‌ಗಳು ‘ಇದು ನಿಮ್ಮ ಅಡ್ಡೆ ಅಲ್ಲ, ಎದ್ದು ಹೋಗಿ’ ಅಂತಾರೆ. ನಾವು ಏನೂ ತಪ್ಪು ಮಾಡಿಲ್ಲ. ಎಲ್ಲಿಗೆ ಹೋಗಬೇಕು ನಾವು?

ಉತ್ತರ: ಎಲ್ಲಿಗೂ ಹೋಗಬೇಡಿ. ಅಲ್ಲೇ ಇರಿ. ಹಾಡನ್ನು ಮಾತ್ರ ಇಯರ್‌ಫೋನಿಗೆ ಹಾಕಿಕೊಳ್ಳಿ, ಬೇರೆಯವರ ಕಿವಿ ನಿಮ್ಮದಲ್ಲ.

ಅಂಕಲ್‌ಗಳಿಗೂ ಒಂದು ಮಾತು, ಈ ಪುಟ ಓದುತ್ತಿದ್ದರೆ. ಮೊದಲು ಪಾರ್ಕು ಕೂರುವ ಜಾಗ ಆಗಿತ್ತು, ನಿಧಾನವಾಗಿ ನಡೆಯುವ ಜಾಗ ಆಯಿತು. ಸುತ್ತಲೂ ನಡೆಯುವ ಪಥ ಬಂತು, ವ್ಯಾಯಾಮದ ಸಾಮಾನು ಬಂತು, ಹುಲ್ಲಿನ ಮೇಲೆ ಹೋಗಬೇಡಿ ಎಂಬ ಬೋರ್ಡು ಬಂತು. ಪ್ರತಿಯೊಂದೂ ಒಳ್ಳೆಯ ಉದ್ದೇಶಕ್ಕೇ ಬಂದದ್ದು. ಆದರೆ ಎಲ್ಲ ಸೇರಿದ ಮೇಲೆ ಸುಮ್ನೆ ಕೂರುವವರು ಕಣ್ಣಿಗೆ ಚುಚ್ಚುವವರಾದರು. ಇಂಥ ಹುಡುಗ ಹುಡುಗಿಯರಿಗೆ ಮನೆಯಲ್ಲಿ ಜಾಗ ಇಲ್ಲ, ದುಡ್ಡು ಕೊಟ್ಟು ಕೂರುವ ಕಡೆ ಹೋಗಲು ಜೇಬಿನಲ್ಲಿ ಇಲ್ಲ. ಬೆಂಚು ಇರುವುದು ಇವರಿಗೇ. ಹೊರಗೆ ಬಂದು ಐದು ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡು ಮಾತಾಡುತ್ತಿದ್ದಾರೆ ಅಂದರೆ, ಅದು ಎಬ್ಬಿಸಿ ಕಳಿಸುವ ವಿಷಯ ಅಲ್ಲ.

ನಿಮ್ಮಲ್ಲಿ ಒಬ್ಬರು ನಾಳೆ ಆ ಅಂಕಲ್‌ಗೆ ನಮಸ್ಕಾರ ಹೇಳಿ ನೋಡಿ. ಹೆಸರು ಗೊತ್ತಿರುವವರನ್ನು ಎಬ್ಬಿಸುವುದು ಕಷ್ಟ.

ಪ್ರಶ್ನೆ: ಬಾಡಿಗೆ ಮನೆಗೆ ಬಂದು ಒಂದು ವರ್ಷ ಆಯಿತು. ದಿನಾ ಬಸ್ ಸ್ಟಾಪಿನಲ್ಲಿ ಅದೇ ನಾಲ್ಕೈದು ಮುಖ. ಯಾರೂ ಯಾರನ್ನೂ ಮಾತಾಡಿಸುವುದಿಲ್ಲ. ಇದು ನಗರದ ಹೊಸ ರೋಗವಾ?

ಉತ್ತರ: ಹೊಸದಲ್ಲ. 1972ರಲ್ಲಿ ಮನಶ್ಶಾಸ್ತ್ರಜ್ಞ ಸ್ಟ್ಯಾನ್ಲಿ ಮಿಲ್‌ಗ್ರಾಮ್ ದಿನಾ ರೈಲು ಹತ್ತುವವರ ಫೋಟೋ ತೆಗೆಸಿ ಅವರಿಗೇ ತೋರಿಸಿದರು. ಒಬ್ಬೊಬ್ಬರು ಸರಾಸರಿ 4 ಮುಖಗಳನ್ನು ಗುರುತು ಹಿಡಿದರು, ಆದರೆ ಅವರನ್ನು ಯಾವತ್ತೂ ಮಾತಾಡಿಸಿರಲಿಲ್ಲ. ಪರಿಚಯದ ಅಪರಿಚಿತರು ಎಂದರು ಅವರನ್ನು ಮಿಲ್‌ಗ್ರಾಮ್. ಇನ್ನೊಂದು ವಿಷಯ ಕೂಡ ಹೇಳಿದರು: ಇಂಥವರು ತಮ್ಮ ಎಂದಿನ ಜಾಗದಿಂದ ದೂರ, ಬೇರೆ ಯಾವುದೋ ಊರಿನಲ್ಲಿ ಎದುರಾದರೆ ಥಟ್ಟನೆ ಮಾತಾಡುತ್ತಾರೆ. ಅಂದರೆ ಸಲುಗೆ ಆಗಲೇ ಇರುತ್ತದೆ, ನೆಪ ಬೇಕು ಅಷ್ಟೇ. ಬಸ್ಸು ತಡವಾದ ದಿನ ಒಳ್ಳೇ ನೆಪ. ‘ಹೋಗಿಬಿಟ್ಟಿತಾ?’ ಅಂತ ಕೇಳಿ. ಅಷ್ಟು ಸಾಕು.

ಪ್ರಶ್ನೆ: ನಮ್ಮ ಪಾರ್ಕು ಹೇಗೆ ಬದಲಾಗುತ್ತಿದೆ ಅಂತ ಬರೆದಿಡಬೇಕೆಂದು ಆಸೆ. ನಾನು ನಿವೃತ್ತ ಗುಮಾಸ್ತ, ಸಂಶೋಧನೆ ಎಲ್ಲ ಗೊತ್ತಿಲ್ಲ. ಹೇಗೆ ಶುರು ಮಾಡಲಿ?

ಉತ್ತರ: ನಿಮ್ಮಂಥವರಿಂದಲೇ ಆಗಬೇಕಾದ ಕೆಲಸ ಇದು. ರಿಜಿಸ್ಟರ್ ಬರೆದು ಅಭ್ಯಾಸ ಇರುವವರಿಗೆ ಹೇಳಿಕೊಡುವುದು ಜಾಸ್ತಿ ಇಲ್ಲ.

ಒಂದೇ ಜಾಗದಲ್ಲಿ ಕೂತು, ವಾರದಲ್ಲಿ ಒಂದು ಕೆಲಸದ ದಿನ, ಒಂದು ರಜೆ ದಿನ, ಅದೇ ಹೊತ್ತಿಗೆ ಹತ್ತು ನಿಮಿಷ ಎಣಿಸಿ. ದಾಟಿ ಹೋದವರನ್ನು ಬೇರೆ, ನಿಂತವರನ್ನೂ ಕೂತವರನ್ನೂ ಬೇರೆ ಬರೆಯಿರಿ. ಇದನ್ನು ಸೇರಿಸಿಬಿಟ್ಟರೆ ಎಲ್ಲ ಕೆಡುತ್ತದೆ. ಯಾಕೆ ಅಂತ ಹೇಳುತ್ತೇನೆ. ಒಂದು ಗಂಟೆಯಲ್ಲಿ ಪಾರ್ಕಿಗೆ 100 ಜನ ಬಂದು ತಲಾ 6 ನಿಮಿಷ ಇದ್ದು ಹೋದರೂ, 10 ಜನ ಬಂದು ಪೂರ್ತಿ ಒಂದು ಗಂಟೆ ಇದ್ದರೂ, ಯಾವುದೇ ಗಳಿಗೆಯಲ್ಲಿ ಕಣ್ಣಿಗೆ ಕಾಣುವುದು ಸುಮಾರು 10 ಜನವೇ. ನೋಡುವವರಿಗೆ ಎರಡೂ ಒಂದೇ ತರಹದ ಪಾರ್ಕು. ಒಳಗೆ ಎರಡೂ ಬೇರೆ. ಎಷ್ಟು ಹೊತ್ತು ಇದ್ದರು ಅನ್ನುವುದನ್ನು ಬರೆಯದಿದ್ದರೆ ಆ ವ್ಯತ್ಯಾಸ ಸಿಗುವುದೇ ಇಲ್ಲ.

ಕೋಪನ್‌ಹೇಗನ್ನಿನಲ್ಲಿ ಸ್ಟ್ರೋಯೆಟ್ ಎನ್ನುವ ಮುಖ್ಯ ಬೀದಿಯನ್ನು 1962ರಲ್ಲಿ ವಾಹನಗಳಿಗೆ ಮುಚ್ಚಿದರು. ನಮ್ಮದು ಚಳಿ ದೇಶ, ನಮ್ಮವರು ಹೊರಗೆ ಕೂರುವವರಲ್ಲ, ಅದು ಇಟಲಿಯವರ ಅಭ್ಯಾಸ ಅಂತ ಆಗ ತುಂಬ ಜನ ವಿರೋಧಿಸಿದ್ದರು. ಯಾನ್ ಗೇಲ್ ಮತ್ತು ಅವರ ವಿದ್ಯಾರ್ಥಿಗಳು ಅಲ್ಲಿ ವರ್ಷಗಟ್ಟಲೆ ಎಣಿಸಿ ಎಣಿಸಿ ಬರೆದಿಟ್ಟರು. ಜನ ಹೊರಗೆ ಕೂತರು. ಆ ಎಣಿಕೆ ಇಲ್ಲದೇ ಹೋಗಿದ್ದರೆ ‘ನಮ್ಮವರು ಹಾಗಲ್ಲ’ ಅನ್ನುವ ಮಾತೇ ಗೆಲ್ಲುತ್ತಿತ್ತು. ಅದಕ್ಕೇ ಹೇಳುವುದು, ನಿಮ್ಮ ನೋಟ್‌ಬುಕ್ಕಿಗೆ ಬೆಲೆ ಇದೆ. ನಾಳೆ ಯಾರಾದರೂ ಪಾರ್ಕಿನ ಅರ್ಧ ಭಾಗವನ್ನು ಪಾರ್ಕಿಂಗಿಗೆ ಕೊಡೋಣ, ಅಲ್ಲಿ ಯಾರೂ ಬರುವುದಿಲ್ಲ ಅಂದರೆ, ನಿಮ್ಮ ಹತ್ತಿರ ಪುಟ ಇರುತ್ತದೆ.

ಎಣಿಕೆಯ ಜೊತೆ ಎರಡು ಸಾಲು ಮಾತಿನಲ್ಲೂ ಬರೆಯಿರಿ. ಯಾರು ಯಾವ ಬೆಂಚಿನಲ್ಲಿ, ನೆರಳು ಎಲ್ಲಿತ್ತು, ನಲ್ಲಿಯಲ್ಲಿ ನೀರು ಬರುತ್ತಿತ್ತಾ, ದೀಪ ಎಷ್ಟು ಹೊತ್ತಿಗೆ ಹತ್ತಿತು. ಜನರ ಹೆಸರು ಬರೆಯಬೇಡಿ, ಮುಖದ ಫೋಟೋ ಕೇಳದೆ ತೆಗೆಯಬೇಡಿ. ಹಳೇ ನಿವಾಸಿಗಳ ಮನೆಯಲ್ಲಿ ಆಲ್ಬಮ್ ಇದ್ದರೆ ಕೇಳಿ. ಮದುವೆ, ಹುಟ್ಟುಹಬ್ಬದ ಫೋಟೋಗಳ ಹಿಂದೆ ಎಷ್ಟೋ ಸಲ ಬೀದಿ ಇರುತ್ತದೆ. ಮುಂದೆ ನಿಂತವರನ್ನು ಬಿಡಿ, ಹಿಂದೆ ಏನಿದೆ ನೋಡಿ: ಕಾಂಪೌಂಡ್ ಗೋಡೆ ಎಷ್ಟು ಎತ್ತರ ಇತ್ತು, ಗಾಡಿ ಎಷ್ಟಿದ್ದವು, ಯಾರು ಕಟ್ಟೆ ಮೇಲೆ ಕೂತು ಕ್ಯಾಮೆರಾ ಕಡೆ ನೋಡುತ್ತಿದ್ದಾರೆ.

ಒಂದು ವರ್ಷ ಬಿಡದೆ ಮಾಡಿ. ಬೇಸಿಗೆಯ ಪಾರ್ಕು ಬೇರೆ, ಚಳಿಯ ಪಾರ್ಕು ಬೇರೆ. ಮಳೆ ಬಂದ ದಿನ ಎಣಿಕೆ ತಪ್ಪಿಸಬೇಡಿ. ಮಳೆಗೆ ಒಂದೇ ಮಾಡಿನ ಕೆಳಗೆ ಎಷ್ಟು ಜನ ಓಡಿ ಬಂದು ನಿಂತರು, ಎಷ್ಟು ಹೊತ್ತು ನಿಂತರು, ಮಾತಾಡಿದರಾ, ಅದನ್ನೂ ಬರೆದಿಡಿ. ಮೊದಲ ತಿಂಗಳ ಪುಟಗಳನ್ನು ನನಗೆ ಕಳಿಸಿ, ಮುಂದಿನ ಸಲ ಈ ಪುಟವನ್ನು ನಿಮ್ಮ ಲೆಕ್ಕದಿಂದಲೇ ಶುರು ಮಾಡೋಣ.